ಬೋರ್‌ವೆಲ್ ಕ್ಯಾಮೆರಾ, ಕಲ್ಲುಕಂಬ ಮತ್ತು ರೋಬೋಟ್ ಓಡಿಸುವವನ ಪರದೆ

ಶ್ರೀನಿವಾಸಪುರದ ಹತ್ತಿರ ನಮ್ಮ ದೊಡ್ಡಪ್ಪನ ಮಾವಿನ ತೋಟವಿದೆ. ಎರಡು ವರ್ಷದ ಹಿಂದೆ ಅಲ್ಲಿನ ಬೋರ್‌ವೆಲ್ ಇದ್ದಕ್ಕಿದ್ದಂತೆ ನೀರು ಕೊಡುವುದನ್ನು ನಿಲ್ಲಿಸಿತು. ಮೋಟಾರು ಎತ್ತಿಸಿ ನೋಡಿದರು, ಅದು ಸರಿಯಾಗೇ ಇತ್ತು. ಇನ್ನೂ ಆಳಕ್ಕೆ ಕೊರೆಸಬೇಕೋ, ಮಧ್ಯದಲ್ಲಿ ಎಲ್ಲೋ ಕುಸಿದಿದೆಯೋ ಗೊತ್ತಾಗಲಿ ಎಂದು ಕ್ಯಾಮೆರಾದವನನ್ನು ಕರೆಸಿದರು. ಕೋಲಾರದ ಕಡೆ ಇದು ಈಗ ಮಾಮೂಲಿ. ಒಂದು ದೊಡ್ಡ ಸುತ್ತು ಕೇಬಲ್, ತುದಿಯಲ್ಲಿ ಟಾರ್ಚಿನಷ್ಟು ದಪ್ಪದ ಕ್ಯಾಮೆರಾ, ಅದರ ಮೂತಿ ಸುತ್ತ ಉಂಗುರದ ಹಾಗೆ ಎಲ್‌ಇಡಿ ದೀಪ. ಮೇಲೆ ಒಂದು ಸಣ್ಣ ಪರದೆ. ನಾವೆಲ್ಲ ಆ ಪರದೆಗೆ ಮುಗಿಬಿದ್ದೆವು.

ಕ್ಯಾಮೆರಾದವನು ಮಾತ್ರ ಪರದೆಯನ್ನು ಅಷ್ಟಾಗಿ ನೋಡುತ್ತಿರಲಿಲ್ಲ. ಅವನ ಎರಡು ಬೆರಳು ಸದಾ ಕೇಬಲ್ ಮೇಲೆ ಇದ್ದವು. ಪರದೆಯ ಮೂಲೆಯಲ್ಲಿ ಆಳ ಎಷ್ಟು ಎಂದು ಅಂಕಿ ಓಡುತ್ತಿತ್ತು. ಆದರೆ ಅವನು ಕೇಬಲ್‌ಗೆ ನೂರು ಅಡಿಗೊಂದರಂತೆ ಕೆಂಪು ಟೇಪ್ ಸುತ್ತಿಕೊಂಡಿದ್ದ. ಅದನ್ನೇ ಎಣಿಸುತ್ತಿದ್ದ. ಯಾಕೆ ಎಂದು ಕೇಳಿದೆ. "ವೈರ್ ಒದ್ದೆ ಆದ್ರೆ ಆಳ ಅಳೆಯೋ ಚಕ್ರ ಜಾರುತ್ತೆ ಸಾರ್. ಪರದೆ ಸುಳ್ಳು ಹೇಳುತ್ತೆ, ಟೇಪ್ ಹೇಳಲ್ಲ" ಎಂದ.

580 ಅಡಿಯ ಆಸುಪಾಸಿನಲ್ಲಿ ನೀರು ಸಿಕ್ಕಿತು. ಅಲ್ಲಿಂದ ಕೆಳಗೆ ಪರದೆ ತುಂಬ ಬರೀ ಕಂದು ಬಣ್ಣ, ಟೀ ಲೋಟದೊಳಗೆ ನೋಡಿದ ಹಾಗೆ. ಕ್ಯಾಮೆರಾ ಇಳಿಯುತ್ತಿದ್ದರೂ ಅದೇ ಕಂದು, ನಿಂತರೂ ಅದೇ ಕಂದು. ಸ್ವಲ್ಪ ಹೊತ್ತಿಗೆ ಅವನು ಗಪ್ಪನೆ ಕೈ ನಿಲ್ಲಿಸಿದ. "ಕೂತ್ಕೊಂತು." ಪರದೆಯಲ್ಲಿ ಏನೂ ಬದಲಾಗಿರಲಿಲ್ಲ. ಕೇಬಲ್ ಸಡಿಲವಾಗಿದ್ದು ಅವನ ಬೆರಳಿಗೆ ಗೊತ್ತಾಗಿತ್ತು. ಕೊಳವೆಗೆ ಅಡ್ಡಲಾಗಿ ಕಲ್ಲು ಸಿಕ್ಕಿಕೊಂಡಿತ್ತು.

ನನ್ನ ಹೊಟ್ಟೆಪಾಡಿನ ಕೆಲಸವೇ ಪರದೆ ವಿನ್ಯಾಸ. ದೂರದಿಂದ ಯಂತ್ರ ಓಡಿಸುವವರ ಮುಂದೆ ಏನು ಕಾಣಬೇಕು, ಎಲ್ಲಿ ಕಾಣಬೇಕು ಎಂದು ತಲೆಕೆಡಿಸಿಕೊಳ್ಳುವುದು. ಈ ಕೆಲಸದ ಬಗ್ಗೆ ಯಾರಾದರೂ ಕೇಳಿದರೆ ನಾನು ಈಗ ಆ ಎರಡು ಬೆರಳಿನಿಂದಲೇ ಶುರು ಮಾಡುತ್ತೇನೆ.

ನೀವು ಬೈಕ್ ಓಡಿಸುವಾಗ ಕಣ್ಣಷ್ಟೇ ಕೆಲಸ ಮಾಡುವುದಿಲ್ಲ. ಗಾಡಿ ಎಷ್ಟು ವಾಲಿದೆ ಎಂದು ಸೊಂಟಕ್ಕೆ ಗೊತ್ತು. ಇಂಜಿನ್ ಎಳೆಯುತ್ತಿಲ್ಲ ಎಂದು ಕಿವಿಗೆ ಗೊತ್ತು. ಹಿಂದಿನ ಚಕ್ರ ಮರಳಲ್ಲಿ ಜಾರಿದ್ದು ಕೂತ ಜಾಗಕ್ಕೇ ತಿಳಿಯುತ್ತದೆ. ರೋಬೋಟ್ ಎಲ್ಲೋ ಇದ್ದು ನೀವು ಇನ್ನೆಲ್ಲೋ ಕೂತಿದ್ದರೆ ಇದೆಲ್ಲ ಒಂದೇ ಏಟಿಗೆ ಕತ್ತರಿಸಿಹೋಗುತ್ತದೆ. ಮೈಯೆಲ್ಲ ಮಾಡುತ್ತಿದ್ದ ಕೆಲಸ ಕಣ್ಣೊಂದರ ಮೇಲೆ ಬೀಳುತ್ತದೆ. ಆ ಕಣ್ಣಿಗೂ ಸಿಗುವುದು ಒಂದು ಕಿಂಡಿ ಅಷ್ಟೇ.

ಕಿಂಡಿ ಎಂದಿದ್ದು ಸುಮ್ನೆ ಅಲ್ಲ. ಈ ಕ್ಷೇತ್ರದವರು ಇದನ್ನು ಬೀಗದ ಕಿಂಡಿಯಿಂದ ಕೋಣೆ ನೋಡುವುದಕ್ಕೆ ಹೋಲಿಸುತ್ತಾರೆ. ನಮ್ಮ ಎರಡು ಕಣ್ಣು ಸೇರಿ ಅಡ್ಡಕ್ಕೆ ಸುಮಾರು 200 ಡಿಗ್ರಿ ನೋಡುತ್ತವೆ. ಅಂಚಿನಲ್ಲಿ ಸ್ಪಷ್ಟವಿಲ್ಲದಿದ್ದರೂ ಏನೋ ಅಲ್ಲಾಡಿತು ಎಂದಾದರೂ ತಿಳಿಯುತ್ತದೆ. ಸಾಮಾನ್ಯ ಕ್ಯಾಮೆರಾ ನೋಡುವುದು 60, 70 ಡಿಗ್ರಿ. ಹಾಗಾದರೆ ಅಗಲ ಲೆನ್ಸ್ ಹಾಕಿದರೆ ಆಯ್ತಲ್ವಾ? ಆಗ ಬೇರೆ ತಕರಾರು. ಅಗಲ ಲೆನ್ಸಿನಲ್ಲಿ ಹತ್ತಿರದ್ದೂ ದೂರ ಇದ್ದ ಹಾಗೆ ಕಾಣುತ್ತದೆ. ನಿಧಾನ ಹೋದರೂ ಜೋರಾಗಿ ಹೋದ ಹಾಗೆ ಅನ್ನಿಸುತ್ತದೆ. ಅಂಚಿನ ಗೋಡೆಗಳು ಬಾಗುತ್ತವೆ.

2001ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕಿನ ಅವಳಿ ಗೋಪುರಗಳ ಅವಶೇಷದೊಳಗೆ ಸಣ್ಣ ರೋಬೋಟ್‌ಗಳನ್ನು ಇಳಿಸಿದರು. ಆ ತಂಡಗಳಲ್ಲಿದ್ದ ರೋಬೋಟ್ ಸಂಶೋಧಕಿ ರಾಬಿನ್ ಮರ್ಫಿ ಆಮೇಲೆ ಇದರ ಬಗ್ಗೆ ಬಹಳ ಬರೆದಿದ್ದಾರೆ. ಬೂದಿ ಬಣ್ಣದ ಧೂಳು ಮುಚ್ಚಿದ ಅವಶೇಷದಲ್ಲಿ ಯಾವುದು ಏನು ಎಂದು ಪರದೆಯಲ್ಲಿ ಗುರುತಿಸುವುದೇ ದೊಡ್ಡ ಕಷ್ಟವಾಗಿತ್ತು. ಮುಂದೆ ಹಾಲಿ ಯಾಂಕೊ ಮತ್ತು ಜಿಲ್ ಡ್ರೂರಿ ಎಂಬ ಸಂಶೋಧಕಿಯರು ರಕ್ಷಣಾ ರೋಬೋಟ್‌ಗಳ ಸ್ಪರ್ಧೆಗಳಲ್ಲೂ ಪ್ರಯೋಗಗಳಲ್ಲೂ ಓಡಿಸುವವರನ್ನು ಗಮನಿಸಿದರು. ಒಂದು ಪ್ರಯೋಗದಲ್ಲಿ ಸಮಯದ ಸುಮಾರು ಶೇ. 30ರಷ್ಟು ಭಾಗ "ನಾನು ಎಲ್ಲಿದ್ದೀನಿ" ಎಂದು ತಿಳಿದುಕೊಳ್ಳುವುದರಲ್ಲೇ ಹೋಗುತ್ತಿತ್ತು. ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸಿ, ತಿರುಗಿಸಿದ್ದನ್ನೇ ಮರೆತು, ಗಾಡಿ ಮುಂದಕ್ಕೆ ಹೋಗುತ್ತಿದೆ ಎಂದುಕೊಂಡು ಗುದ್ದಿದವರೂ ಇದ್ದರು.

ಇದನ್ನು ಓದಿದ್ದೆ ನಾನು. ಓದಿಯೂ ಅದೇ ತಪ್ಪು ಮಾಡಿದೆ.

ಮೂವರು ಗೆಳೆಯರು ಸೇರಿ ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವ ಒಂದು ಸಣ್ಣ ಗಾಡಿ ಮಾಡಿದ್ದೆವು. ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿ ಚಪ್ಪರದ ಕೆಳಗೆ ನಿಂತು ಔಷಧಿ ಹೊಡೆದರೆ ಅರ್ಧ ನಮ್ಮ ಮೈಮೇಲೇ ಬೀಳುತ್ತದೆ. ಗಾಡಿ ಒಳಗೆ ಹೋಗಲಿ, ಮನುಷ್ಯ ಹೊರಗೆ ಕೂತು ಓಡಿಸಲಿ ಎಂಬುದು ಲೆಕ್ಕಾಚಾರ. ಪರದೆ ನನ್ನ ಪಾಲಿಗೆ ಬಂತು. ತೋಟದ ಹುಡುಗನೊಬ್ಬ ಓಡಿಸಲು ಒಪ್ಪಿದ. ಟ್ರ್ಯಾಕ್ಟರ್ ಓಡಿಸುವುದರಲ್ಲಿ ಅವನು ಎತ್ತಿದ ಕೈ.

ಮೊದಲ ದಿನವೇ ಗಾಡಿ ಹೋಗಿ ಕಲ್ಲುಕಂಬಕ್ಕೆ ಗುದ್ದಿತು. ನಮ್ಮ ಕಡೆ ಚಪ್ಪರಕ್ಕೆ ಕಗ್ಗಲ್ಲಿನ ಕಂಬ ನೆಡುತ್ತಾರೆ. ಗುದ್ದಿದರೆ ಕಂಬಕ್ಕೆ ಒಂದು ಗೀರು, ಗಾಡಿಗೆ ಒಂದು ತಿಂಗಳ ರಿಪೇರಿ. ಗೊಂಚಲಿಗೆ ಔಷಧಿ ಬಿತ್ತಾ ಎಂದು ನೋಡಲು ಹುಡುಗ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಿದ್ದ. ನೋಡಿದ, ಖುಷಿಯಾದ, ಮುಂದೆ ಹೋಗುವ ಬಟನ್ ಒತ್ತಿದ. ಪರದೆಯಲ್ಲಿ ಎರಡು ಸಾಲಿನ ನಡುವಿನ ಖಾಲಿ ದಾರಿ ಕಾಣುತ್ತಿತ್ತು. ಗಾಡಿಯ ಮೂತಿ ಇದ್ದದ್ದು ಕಂಬದ ಕಡೆಗೆ.

ಕ್ಯಾಮೆರಾ ಎಷ್ಟು ತಿರುಗಿದೆ ಎಂದು ನಾನು ಪರದೆಯಲ್ಲಿ ತೋರಿಸಿದ್ದೆ. ಬಲಗಡೆ ಕೆಳಗೆ, "-74°" ಎಂದು. ಅದರ ಪಕ್ಕದಲ್ಲಿ ಬ್ಯಾಟರಿ, ಸಿಗ್ನಲ್, ಮೋಟಾರಿನ ಬಿಸಿ, ಟ್ಯಾಂಕಿನ ಮಟ್ಟ, ಹೀಗೆ ಒಟ್ಟು 14 ಅಂಕಿಗಳು. ಹುಡುಗನನ್ನು ಕೇಳಿದರೆ "ಅದೆಲ್ಲ ನಿಮಗೆ ಬೇಕಾದ್ದು ಅಂದುಕೊಂಡಿದ್ದೆ ಅಣ್ಣ" ಎಂದ. ಬೈಯಲು ಬಾಯಿ ಬರಲಿಲ್ಲ.

ಆಮೇಲೆ ಬದಲಾಯಿಸಿದ್ದು ಹೀಗೆ. ಕ್ಯಾಮೆರಾವನ್ನು ಒಂದು ಗೇಣು ಮೇಲೆ, ಹಿಂದಕ್ಕೆ ಕೂರಿಸಿದೆವು. ಈಗ ಚಿತ್ರದ ಕೆಳಗೆ ಗಾಡಿಯ ಸ್ವಂತ ಮೂತಿ, ಎರಡು ಚಕ್ರದ ಅಂಚು ಕಾಣುತ್ತವೆ. ಇಷ್ಟರಿಂದಲೇ ಅರ್ಧ ಸಮಸ್ಯೆ ಹೋಯಿತು. ಮೂತಿ ಕಾಣುತ್ತಿಲ್ಲ ಎಂದರೆ ನೀವು ಮುಂದೆ ನೋಡುತ್ತಿಲ್ಲ, ಅಷ್ಟೇ. ಲೆಕ್ಕ ಹಾಕುವ ಅಗತ್ಯವಿಲ್ಲ. ಜೊತೆಗೆ ಪರದೆಯ ನಡುಭಾಗದಲ್ಲಿ, ಕೆಳಗೆ, ಮೇಲಿನಿಂದ ನೋಡಿದ ಹಾಗೆ ಗಾಡಿಯ ಒಂದು ಸಣ್ಣ ಚಿತ್ರ. ಕ್ಯಾಮೆರಾ ಎತ್ತ ನೋಡುತ್ತಿದೆಯೋ ಅತ್ತ ಟಾರ್ಚ್ ಬೆಳಕಿನ ಹಾಗೆ ಒಂದು ಬೀಸಣಿಗೆ ಆಕಾರ ತಿರುಗುತ್ತದೆ. ಮುಂದೆ ಹೋಗುವ ಬಟನ್ ಒತ್ತಿದರೆ ಕ್ಯಾಮೆರಾ ತಾನಾಗಿ ಮುಂದಕ್ಕೆ ತಿರುಗುತ್ತದೆ. ಹುಡುಗ ಮೊದಲು ಇದಕ್ಕೆ ಗೊಣಗಿದ, ನನ್ನ ಕ್ಯಾಮೆರಾನ ಅದೇ ತಿರುಗಿಸುತ್ತೆ ಎಂದು. ಎರಡು ದಿನದಲ್ಲಿ ಮರೆತ.

ಎಡ ಬಲದ ಗೋಳು ಇನ್ನೊಂದಿದೆ. ಡ್ರೋನ್ ಕಲಿಯುವವರಿಗೆಲ್ಲ ಇದು ಗೊತ್ತು. ಯಂತ್ರ ನಿಮ್ಮಿಂದ ಆಚೆ ಹೋಗುವಾಗ ಅದರ ಎಡವೂ ನಿಮ್ಮ ಎಡವೂ ಒಂದೇ. ತಿರುಗಿ ನಿಮ್ಮ ಕಡೆ ಬರುವಾಗ ಅದರ ಎಡ ನಿಮಗೆ ಬಲ. ಪರದೆ ನೋಡಿ ಓಡಿಸುವವನಿಗೆ ಈ ತೊಂದರೆಯಿಲ್ಲ, ಅವನು ಯಂತ್ರದೊಳಗೇ ಕೂತ ಹಾಗೆ. ಅವನು ತಲೆ ಎತ್ತಿ ನಿಜವಾದ ಗಾಡಿಯನ್ನು ನೋಡಿದಾಗ ಎಲ್ಲ ಉಲ್ಟಾ. ನಕ್ಷೆಯಲ್ಲೂ ಇದೇ ಪ್ರಶ್ನೆ. ಉತ್ತರ ದಿಕ್ಕು ಯಾವಾಗಲೂ ಮೇಲಿರಬೇಕೋ, ಗಾಡಿ ಹೋಗುವ ದಿಕ್ಕು ಮೇಲಿರಬೇಕೋ? ಓಡಿಸುವಾಗ ಎರಡನೆಯದು ಸುಲಭ. ಮೇಸ್ತ್ರಿಗೆ ಫೋನ್ ಮಾಡಿ ಮೂಡಲ ಕಡೆಯ ಕೊನೇ ಸಾಲು ಉಳಿದಿದೆ ಎನ್ನಬೇಕಾದರೆ ಮೊದಲನೆಯದೇ ಬೇಕು. ಎರಡನ್ನೂ ಇಟ್ಟಿದ್ದೇನೆ, ತೃಪ್ತಿಯಿಲ್ಲ.

ಕ್ಯಾಮೆರಾ ಎತ್ತರದ ವಿಷಯ ಹೇಳಿದೆನಲ್ಲ, ಅದನ್ನು ಚಂದ್ರನ ಮೇಲೇ ಕಲಿತವರಿದ್ದಾರೆ. 1970ರ ನವೆಂಬರ್ 17ರಂದು ಸೋವಿಯತ್ ಒಕ್ಕೂಟದ ಲೂನೊಖೋದ್-1 ಎಂಬ ಗಾಡಿ ಚಂದ್ರನ ಮೇಲೆ ಇಳಿಯಿತು. ಐದು ಜನರ ತಂಡ ಭೂಮಿಯಲ್ಲಿ ಕೂತು ಅದನ್ನು ಓಡಿಸುತ್ತಿತ್ತು. ಅವರಿಗೆ ವಿಡಿಯೊ ಬರುತ್ತಿರಲಿಲ್ಲ, ಕೆಲವು ಸೆಕೆಂಡಿಗೊಂದರಂತೆ ನಿಂತ ಚಿತ್ರ ಬರುತ್ತಿತ್ತು. ಕ್ಯಾಮೆರಾ ಬಹಳ ಕೆಳಗಿತ್ತು. ಕುಕ್ಕರಗಾಲಲ್ಲಿ ಕೂತು ಹೊಲ ನೋಡಿದ ಹಾಗೆ, ಗುಂಡಿ ಯಾವುದು, ಸಮನೆಲ ಯಾವುದು ತಿಳಿಯುವುದಿಲ್ಲ. 1973ರ ಲೂನೊಖೋದ್-2ಕ್ಕೆ ಇನ್ನೂ ಮೇಲೆ ಒಂದು ಕ್ಯಾಮೆರಾ ಕೂರಿಸಿದರು. ಮೊದಲನೆಯದು ಒಟ್ಟು 10.5 ಕಿ.ಮೀ. ಹೋಗಿತ್ತು, ಎರಡನೆಯದು ಸುಮಾರು 39 ಕಿ.ಮೀ. ಹೋಯಿತು. ಎಲ್ಲ ಕ್ಯಾಮೆರಾದ ಪುಣ್ಯ ಎನ್ನಲಾಗದು. ಆದರೆ ನಿಂತು ನೋಡುವುದಕ್ಕೂ ಕೂತು ನೋಡುವುದಕ್ಕೂ ಇರುವ ವ್ಯತ್ಯಾಸ ರೈತನಿಗೆ ಹೇಳಿಕೊಡಬೇಕಾಗಿಲ್ಲ.

ಚಂದ್ರನ ಮಾತು ಬಂದ ಮೇಲೆ ತಡದ ಮಾತು ಬರಲೇಬೇಕು. ಇಲ್ಲಿಂದ ಅಪ್ಪಣೆ ಅಲ್ಲಿಗೆ ಹೋಗಿ, ಅಲ್ಲಿಂದ ಚಿತ್ರ ಇಲ್ಲಿಗೆ ಬರಲು ಬೆಳಕಿನ ವೇಗದಲ್ಲೇ ಸುಮಾರು ಎರಡೂವರೆ ಸೆಕೆಂಡು ಬೇಕು. ಎರಡೂವರೆ ಸೆಕೆಂಡು ಏನು ಮಹಾ ಅನ್ನಿಸಬಹುದು. ಸ್ನಾನದ ಮನೆಯ ಗೀಸರ್ ನೆನಪಿಸಿಕೊಳ್ಳಿ. ಬಿಸಿ ನಲ್ಲಿ ತಿರುಗಿಸುತ್ತೀರಿ, ಬಿಸಿ ಬರಲಿಲ್ಲ. ಇನ್ನೂ ತಿರುಗಿಸುತ್ತೀರಿ. ಆಮೇಲೆ ಎರಡೂ ಸೇರಿ ಬಂದು ಬೆನ್ನು ಸುಡುತ್ತದೆ. ತಡವಿರುವ ಯಂತ್ರ ಓಡಿಸುವುದು ಹೀಗೇ.

1960ರ ದಶಕದಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಥಾಮಸ್ ಶೆರಿಡನ್ ಮತ್ತು ವಿಲಿಯಂ ಫೆರೆಲ್ ಇದನ್ನು ಪರೀಕ್ಷಿಸಿದರು. ತಡ ಇದ್ದಾಗ ಜನ ತಾವಾಗೇ ಒಂದು ಉಪಾಯ ಕಂಡುಕೊಳ್ಳುತ್ತಾರೆ. ಸ್ವಲ್ಪ ಚಲಿಸು, ನಿಲ್ಲು, ಚಿತ್ರ ಬರಲಿ, ಮತ್ತೆ ಸ್ವಲ್ಪ ಚಲಿಸು. ಇದು ಸುರಕ್ಷಿತ, ಆದರೆ ಪ್ರಾಣ ಹೋಗುವಷ್ಟು ನಿಧಾನ. ಇದಕ್ಕೆ ಪರದೆ ಮಾಡಬಹುದಾದ ಸಹಾಯವೊಂದಿದೆ. ಬಂದ ಹಳೇ ಚಿತ್ರದ ಮೇಲೆ, ನೀವು ಈಗ ಕೊಟ್ಟ ಅಪ್ಪಣೆಯ ಪ್ರಕಾರ ಯಂತ್ರ ಎಲ್ಲಿರುತ್ತದೆ ಎಂದು ಒಂದು ನೆರಳುಗಾಡಿ ಬಿಡಿಸುವುದು. ಕೈ ಆ ನೆರಳನ್ನು ಓಡಿಸುತ್ತದೆ, ನಿಜವಾದ ಗಾಡಿ ಅದರ ಹಿಂದೆ ಬರುತ್ತದೆ.

ತಡ ಇನ್ನೂ ಜಾಸ್ತಿಯಾದರೆ ಓಡಿಸುವ ಆಸೆಯನ್ನೇ ಬಿಡಬೇಕು. ಮಂಗಳಕ್ಕೆ ಒಂದು ಕಡೆಗೇ 3ರಿಂದ 22 ನಿಮಿಷ. ಅಲ್ಲಿ ಜಾಯ್‌ಸ್ಟಿಕ್ ಇಟ್ಟುಕೊಂಡು ಏನು ಮಾಡುವುದು? ಚಂದ್ರಯಾನ-3ರ ಪ್ರಜ್ಞಾನ್ ಗಾಡಿ ಹತ್ತಿರದಲ್ಲೇ ಇದ್ದರೂ ಅದನ್ನು ಆಟದ ಕಾರಿನ ಹಾಗೆ ಓಡಿಸಲಿಲ್ಲ. ಅದರ ಎರಡು ಕ್ಯಾಮೆರಾಗಳ ಚಿತ್ರದಿಂದ ನೆಲದ ಉಬ್ಬುತಗ್ಗಿನ ನಕ್ಷೆ ಮಾಡಿ, ದಾರಿ ಗುರುತು ಹಾಕಿ, ಆಮೇಲೆ ಅಪ್ಪಣೆ ಕಳಿಸುತ್ತಿದ್ದರು. 2023ರ ಆಗಸ್ಟ್ 27ರಂದು ಅದರ ಮುಂದೆ 3 ಮೀಟರ್ ದೂರದಲ್ಲಿ 4 ಮೀಟರ್ ಅಗಲದ ಗುಂಡಿ ಕಂಡಿತು. ಬಂದ ದಾರಿಯಲ್ಲೇ ಹಿಂದಕ್ಕೆ ಬರಲು ಹೇಳಿದರು. ಇಂಥ ಕಡೆ ಪರದೆ ಎಂದರೆ ಸ್ಟೀರಿಂಗ್ ಅಲ್ಲ. ನಾಲ್ಕು ಜನ ಸುತ್ತ ಕೂತು, ಇಲ್ಲಿ ಬೇಡ ಅಲ್ಲಿ ಹೋಗಲಿ ಎಂದು ಬೆರಳಿಟ್ಟು ಜಗಳವಾಡುವ ನಕ್ಷೆ.

ನಮ್ಮ ದ್ರಾಕ್ಷಿ ತೋಟದಲ್ಲಿ ಇಷ್ಟೆಲ್ಲ ತಡವಿಲ್ಲ. ಅಲ್ಲಿನ ಕಾಟ ಬೇರೆ. ಎಲೆ ದಟ್ಟವಾದ ಕಡೆ ಸಿಗ್ನಲ್ ಸಿಕ್ಕಿಕೊಂಡು ಚಿತ್ರ ನಿಂತುಬಿಡುತ್ತದೆ. ನನ್ನ ಅನುಭವದಲ್ಲಿ ಇಡೀ ವಿಷಯದಲ್ಲಿ ಅತಿ ಅಪಾಯ ಇದೇ. ಚಿತ್ರ ಪೂರ್ತಿ ಹೋದರೆ ಯಾರೂ ಮೋಸ ಹೋಗುವುದಿಲ್ಲ, ಕೈ ಬಿಡುತ್ತಾರೆ. ಆದರೆ ನಿಂತ ಚಿತ್ರವೂ, ನಿಂತ ಗಾಡಿಯ ಚಿತ್ರವೂ ನೋಡಲು ಒಂದೇ ಥರ. ಗಾಡಿ ಹೋಗ್ತಾ ಇಲ್ಲವಲ್ಲ ಎಂದು ಹುಡುಗ ಇನ್ನೂ ಜೋರಾಗಿ ಬಟನ್ ಒತ್ತುತ್ತಾನೆ. ಅಲ್ಲಿ ಗಾಡಿ ಓಡುತ್ತಿರುತ್ತದೆ. ಬೋರ್‌ವೆಲ್ಲಿನ ಕಂದು ಬಣ್ಣದ ಕಥೆಯೇ.

ಅದಕ್ಕೆ ಈಗ ಪರದೆಯಲ್ಲಿ ಪ್ರತಿ ಚಿತ್ರಕ್ಕೂ ವಯಸ್ಸಿದೆ. ಹೊಸ ಚಿತ್ರ ಅರ್ಧ ಸೆಕೆಂಡು ಬರದಿದ್ದರೆ ಪರದೆಯ ಬಣ್ಣ ಮಾಸಲು ಶುರುವಾಗುತ್ತದೆ. ಒಂದು ಸೆಕೆಂಡಾದರೆ ಕಪ್ಪುಬಿಳುಪು, ಅಡ್ಡಕ್ಕೆ "ಹಳೇ ಚಿತ್ರ" ಎಂದು ದೊಡ್ಡ ಅಕ್ಷರ. ಅಷ್ಟರಲ್ಲಿ ಗಾಡಿ ತಾನೇ ನಿಲ್ಲುತ್ತದೆ. "ಸಂಪರ್ಕ ವಿಳಂಬ" ಎಂದು ಬರೆದಿದ್ದೆ ಮೊದಲು. ಹುಡುಗ ಓದಿ, ಅದು ಬ್ಯಾಂಕಿನವರ ಮೆಸೇಜ್ ಥರ ಇದೆ ಎಂದ.

ಕಾಣದ ಯಂತ್ರವನ್ನು ಓಡಿಸುವುದು ನಮ್ಮ ಜಿಲ್ಲೆಗೆ ಹೊಸದೇನಲ್ಲ. ಕೆಜಿಎಫ್‌ನ ಗಣಿ 2001ರ ಫೆಬ್ರವರಿ 28ರಂದು ಮುಚ್ಚುವವರೆಗೂ ಅಲ್ಲಿ ಜನ ದಿನವೂ ಮಾಡುತ್ತಿದ್ದ ಕೆಲಸವದು. ಅಲ್ಲಿನ ಚಾಂಪಿಯನ್ ರೀಫ್ ಎಂಬ ಗಣಿ 3 ಕಿ.ಮೀ.ಗಿಂತ ಆಳ. ಶಾಫ್ಟಿನಲ್ಲಿ, ಅಂದರೆ ನೆಟ್ಟಗೆ ಇಳಿಯುವ ಗಣಿಬಾವಿಯಲ್ಲಿ, ಜನರನ್ನು ಹೊತ್ತ ಕೇಜ್ ಹಗ್ಗದ ಮೇಲೆ ಇಳಿಯುತ್ತದೆ. ಅದನ್ನು ಇಳಿಸುವ ವೈಂಡಿಂಗ್ ಡ್ರೈವರ್ ಮೇಲೆ ಬೇರೆ ಕಟ್ಟಡದಲ್ಲಿ ಕೂತಿರುತ್ತಾನೆ. ಕೇಜ್ ಅವನ ಕಣ್ಣಿಗೆ ಬೀಳುವುದೇ ಇಲ್ಲ. ಅವನ ಮುಂದೆ ಇರುವುದು ಆಳ ತೋರಿಸುವ ಒಂದು ದೊಡ್ಡ ಮುಳ್ಳು, ಮತ್ತು ಗಂಟೆ. ಹೋಗುತ್ತಿರುವಾಗ ಒಂದು ಗಂಟೆ ಬಿದ್ದರೆ ನಿಲ್ಲಿಸು. ಮನುಷ್ಯರು ಹತ್ತಿದ್ದಾರೆ ಎಂಬುದಕ್ಕೆ ಬೇರೆ ಲೆಕ್ಕದ ಗಂಟೆ. ಬಂಗಾರಪೇಟೆಯಲ್ಲಿ ನಮ್ಮ ಪಕ್ಕದ ಮನೆಯ ತಾತ ಈ ಕೆಲಸ ಮಾಡಿದವರು. ಹಗ್ಗ ಸುತ್ತುವ ಡ್ರಮ್ಮಿನ ಅಂಚಿಗೆ ಬಳಿದ ಬಣ್ಣದ ಗುರುತನ್ನೂ ನೋಡಿಕೊಂಡೇ ಕೇಜನ್ನು ಮಟ್ಟಕ್ಕೆ ನಿಲ್ಲಿಸುತ್ತಿದ್ದೆವು ಎನ್ನುತ್ತಿದ್ದರು. ಮುಳ್ಳು ಒಂದು, ಗುರುತು ಒಂದು, ಗಂಟೆ ಒಂದು. ಒಂದು ತಪ್ಪಿದರೆ ಇನ್ನೊಂದು ಹಿಡಿಯುತ್ತದೆ. 14 ಅಂಕಿ ಹಾಕಿದ್ದ ನನಗೆ ಇದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಂಕಿಗಳನ್ನು ನಾಲ್ಕಕ್ಕೆ ಇಳಿಸಿದೆ. ಅವೂ ಅಂಕಿಗಳಲ್ಲ ಈಗ. "ಬ್ಯಾಟರಿ 37%" ಎಂದರೆ ಹುಡುಗ ಏನು ಮಾಡಬೇಕು? ಅವನ ಪ್ರಶ್ನೆ ಇನ್ನೊಂದು ಸಾಲು ಮುಗಿಸಿ ವಾಪಸ್ ಬರಬಹುದಾ ಎಂಬುದು. ಅದಕ್ಕೆ "ಇನ್ನೂ 2 ಸಾಲು" ಎಂದೇ ತೋರಿಸುತ್ತೇವೆ. ದೂರ ಮೀಟರಿನಲ್ಲಿ ಇತ್ತು, ಅಡಿಗೆ ಬದಲಾಯಿಸಿದೆವು. ನಮ್ಮ ಕಡೆ ಬೋರ್‌ವೆಲ್ಲೂ ಅಡಿ, ಸೈಟೂ ಅಡಿ. ಎಲ್ಲ ಸರಿಯಿದ್ದಾಗ ಪರದೆಯ ಗುರುತುಗಳೆಲ್ಲ ಮಂಕು ಬೂದು ಬಣ್ಣದಲ್ಲೇ ಇರುತ್ತವೆ, ಕಿತ್ತಳೆ ಬಣ್ಣ ಬಂದರೆ ಏನೋ ಆಗಿದೆ ಎಂದು ಅರ್ಥ. ಕೆಂಪು ಹಸಿರು ಎರಡನ್ನೇ ನಂಬುವ ಹಾಗಿಲ್ಲ, ಗಂಡಸರಲ್ಲಿ ಕೆಲವರಿಗೆ ಆ ಎರಡರ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಇನ್ನು ಬಿಸಿಲು. ಕಪ್ಪು ಹಿನ್ನೆಲೆ ಕೋಣೆಯೊಳಗೆ ಚೆಂದ. ಏಪ್ರಿಲ್ ಮಧ್ಯಾಹ್ನ ತೋಟದ ಬದುವಿನ ಮೇಲೆ ಕೂತರೆ ಅದು ಕನ್ನಡಿ, ನಿಮ್ಮ ಮುಖ ನಿಮಗೇ ಕಾಣುತ್ತದೆ. ತಿಳಿ ಹಿನ್ನೆಲೆ, ದಪ್ಪ ಅಕ್ಷರ, ಕೈಗವಸು ಹಾಕಿಕೊಂಡೂ ಒತ್ತಬಹುದಾದ ದೊಡ್ಡ ಬಟನ್. ಇದರ ಬಗ್ಗೆ ಹೇಳುವುದು ಇಷ್ಟೇ.

ಸ್ಪರ್ಶದ ವಿಷಯ ಮಾತ್ರ ಇನ್ನೂ ಬಗೆಹರಿದಿಲ್ಲ, ನನಗೊಬ್ಬನಿಗಲ್ಲ. ಡಾ ವಿಂಚಿ ಎಂಬ ಶಸ್ತ್ರಚಿಕಿತ್ಸೆಯ ರೋಬೋಟ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2000ದಲ್ಲಿ. ಎರಡು ಕಣ್ಣಿಗೆ ಎರಡು ಚಿತ್ರ ಕೊಟ್ಟು ಅದು ಆಳವನ್ನು ಚೆನ್ನಾಗಿ ತೋರಿಸುತ್ತದೆ, ಕೈ ನಡುಕವನ್ನೂ ಸೋಸುತ್ತದೆ. ಆದರೆ ಎಷ್ಟೋ ವರ್ಷ ಅದರಲ್ಲಿ ದಾರ ಎಷ್ಟು ಬಿಗಿಯಾಗಿದೆ ಎಂದು ಕೈಗೆ ತಿಳಿಯುತ್ತಿರಲಿಲ್ಲ. ಎಳೆದಾಗ ಅಂಗಾಂಶ ಹೇಗೆ ಮಡಚಿಕೊಳ್ಳುತ್ತದೆ, ಹೇಗೆ ಬಿಳಚಿಕೊಳ್ಳುತ್ತದೆ ಎಂದು ನೋಡಿಯೇ ವೈದ್ಯರು ಅಂದಾಜು ಮಾಡಲು ಕಲಿತರು. ಫುಕುಶಿಮಾದ ಅಣುಸ್ಥಾವರದೊಳಗೆ ಹೋಗಿದ್ದ ಜಪಾನಿನ ಕ್ವಿನ್ಸ್ ರೋಬೋಟ್ 2011ರ ಅಕ್ಟೋಬರ್‌ನಲ್ಲಿ ಕೇಬಲ್ ಸಿಕ್ಕಿಕೊಂಡು, ಸಂಪರ್ಕ ಕಡಿದು, ಮೂರನೇ ಮಹಡಿಯಲ್ಲೇ ಉಳಿಯಿತು. ಅದನ್ನು ಓದಿದಾಗಲೆಲ್ಲ ನನಗೆ ಕೇಬಲ್ ಮೇಲಿನ ಆ ಎರಡು ಬೆರಳು ನೆನಪಾಗುತ್ತವೆ. ನಮ್ಮ ಗಾಡಿಯಲ್ಲಿ ಕೇಬಲ್ ಇಲ್ಲ. ಬದಲಿಗೆ ಮೋಟಾರಿನ ಸದ್ದನ್ನು ಹುಡುಗನ ಕಿವಿಗೆ ಕೊಟ್ಟಿದ್ದೇವೆ. ಚಕ್ರ ಮಣ್ಣಲ್ಲಿ ಹೂತರೆ ಸದ್ದು ಬದಲಾಗುತ್ತದೆ, ಅವನಿಗೆ ಪರದೆಗಿಂತ ಮೊದಲೇ ಗೊತ್ತಾಗುತ್ತದೆ.

ಪರದೆ ಸರಿಯಿದೆಯಾ ಎಂದು ತಿಳಿಯುವುದು ಹೇಗೆ? ಚೆನ್ನಾಗಿದೆಯಾ ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ, ಕಾಫಿ ಕೊಟ್ಟ ಮನೆಯಲ್ಲಿ ಹೇಳಿದ ಹಾಗೆ. ಮಿಕಾ ಎಂಡ್ಸ್ಲಿ ಎಂಬ ಸಂಶೋಧಕಿ ವಿಮಾನ ಚಾಲಕರ ಜೊತೆ ಕೆಲಸ ಮಾಡುವಾಗ ಒಂದು ಸರಳ ಪರೀಕ್ಷೆ ರೂಪಿಸಿದರು. ಅಭ್ಯಾಸದ ನಡುವೆ ಇದ್ದಕ್ಕಿದ್ದಂತೆ ಎಲ್ಲ ನಿಲ್ಲಿಸಿ, ಪರದೆ ಖಾಲಿ ಮಾಡಿ, ಪ್ರಶ್ನೆ ಕೇಳುವುದು. ಸುತ್ತ ಏನೇನಿತ್ತು? ಅದರ ಅರ್ಥವೇನು? ಮುಂದೇನಾಗುತ್ತದೆ? ಈ ಮೂರು ಮೆಟ್ಟಿಲನ್ನು ಅವರು 1995ರಲ್ಲಿ ವಿವರವಾಗಿ ಬರೆದರು. ನೋಡುವುದು, ಅರ್ಥ ಮಾಡಿಕೊಳ್ಳುವುದು, ಮುಂದಿನದನ್ನು ಊಹಿಸುವುದು.

ಹೋದ ತಿಂಗಳು ನಾವೂ ಮಾಡಿದೆವು. ಗಾಡಿ ಆರನೇ ಸಾಲಿನಲ್ಲಿ ಅರ್ಧ ಹೋಗಿತ್ತು. ನಾನು ಟವೆಲ್ ತೆಗೆದು ಪರದೆ ಮುಚ್ಚಿದೆ. ಹುಡುಗ ಬೆಚ್ಚಿದ. ಗಾಡಿ ಈಗ ಎಲ್ಲಿದೆ, ಕೈ ತೋರಿಸು ಎಂದೆ. ಚಪ್ಪರದ ಕಡೆ ತಿರುಗಿ, ಕಣ್ಣು ಕಿರಿದು ಮಾಡಿ, ತೋರಿಸಿದ. ಎತ್ತ ಮುಖ ಮಾಡಿದೆ? ಮೂಡಲಕ್ಕೆ. ಮುಂದಿನ ಕಂಬ ಎಷ್ಟು ದೂರ? ಎಂಟು ಅಡಿ. ಬಗ್ಗಿಕೊಂಡು ಒಳಗೆ ಹೋಗಿ ನೋಡಿದೆವು. ಮುಖ ಸರಿ, ಸಾಲು ಸರಿ. ಜಾಗ ಮಾತ್ರ ಒಂದು ಕಂಬದಷ್ಟು ತಪ್ಪಿತ್ತು. ಗಾಡಿ ನಿಂತಿದ್ದ ಕಂಬದ ಮೇಲೆ ಮೊದಲ ದಿನದ ಗೀರು ಇನ್ನೂ ಇತ್ತು.